ಮರಗಟ್ಟಿದ ಕಾಲಿನ ಉರಿ

ಅಡಕೆಯ ಮರದಿಂದಲೋ ತೆಂಗಿನ ಮರದಿಂದಲೋ ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವರು ನಮ್ಮ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಅಪರೂಪವಲ್ಲ. ಪೆಟ್ಟು ಪೂರ್ಣವಾಗಿದ್ದರೆ ಸೊಂಟದಿಂದ ಕೆಳಗೆ ಚಲನೆಯಿಲ್ಲ, ಸ್ಪರ್ಶದ ಅರಿವಿಲ್ಲ. ಸೂಜಿಯಿಂದ ಚುಚ್ಚಿದರೂ ತಿಳಿಯದು. ಹೀಗಿದ್ದೂ ಅದೇ ಕಾಲು ಕೆಂಡದ ಮೇಲೆ ಇಟ್ಟಂತೆ ಉರಿಯುತ್ತದೆಯೆಂದು ಅವರಲ್ಲಿ ಅನೇಕರು ಹೇಳುತ್ತಾರೆ. ಕೇಳಿದವರು ಮೊದಲು ಬೆರಗಾಗುತ್ತಾರೆ, ಬಳಿಕ ಸಂದೇಹಪಡುತ್ತಾರೆ. ಸ್ಪರ್ಶವೇ ಇಲ್ಲದಲ್ಲಿ ನೋವೆಲ್ಲಿಂದ ಬಂತು ಎಂಬ ಪ್ರಶ್ನೆ ಸಹಜವಾದುದೇ. ಆದರೆ ನರಳುವವನ ಮುಖದೆದುರು ಅದನ್ನು ಎತ್ತಿದಾಗ ಅದು ಅವನಿಗೆ ಇನ್ನೊಂದು ಪೆಟ್ಟಾಗುತ್ತದೆ.

ಈ ಸಂದೇಹ ಹೊಸದಲ್ಲ, ಅದಕ್ಕೆ ಸಮಾಧಾನವೂ ಹೊಸದಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲುಗಳ ನರಗಳಿಗೆ ಗುಂಡು ತಗಲಿದ ಸೈನಿಕರನ್ನು ಸೈಲಸ್ ವೀರ್ ಮಿಚೆಲ್ ಎಂಬ ವೈದ್ಯನು ತನ್ನ ಸಹೋದ್ಯೋಗಿಗಳೊಡನೆ ಪರೀಕ್ಷಿಸಿ 1864ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಗಾಯ ಮಾಯ್ದ ಮೇಲೂ ಉರಿ ಉಳಿದು, ಕೈಗೆ ಸದಾ ಒದ್ದೆಬಟ್ಟೆ ಸುತ್ತಿಕೊಂಡಿರುತ್ತಿದ್ದವರನ್ನು ಅವನು ಕಂಡಿದ್ದನು. ಗಾಯದ ನೋವು ಸುದ್ದಿ ತರುವ ದೂತನಿದ್ದಂತೆ. ಕೆಲಸ ಮುಗಿದ ಮೇಲೆ ಹೊರಟುಹೋಗುತ್ತದೆ. ನರದ ನೋವು ಹಾಗಲ್ಲ. ಬೆನ್ನುಹುರಿ ಕಡಿದಾಗ ಕೆಳಗಿನಿಂದ ಸಂದೇಶಗಳು ಬರುವುದು ನಿಲ್ಲುತ್ತದೆ. ಆದರೆ ಪೆಟ್ಟಿನ ಮೇಲಿರುವ ನರಕೋಶಗಳು ಸುಮ್ಮನಿರದೆ ತಾವಾಗಿಯೇ ಉದ್ರೇಕಗೊಳ್ಳುತ್ತವೆ. ಮಿದುಳು ಅದನ್ನು ಕಾಲಿನದೆಂದೇ ತಿಳಿಯುತ್ತದೆ. ನೋವು ಕಾಲಿನಲ್ಲಿ ಹುಟ್ಟಿದ್ದಲ್ಲ. ಆದರೂ ಅದು ಸುಳ್ಳಲ್ಲ.

ತಲೆನೋವು, ಮೈಕೈನೋವುಗಳಿಗೆ ನುಂಗುವ ಗುಳಿಗೆಗಳು ಇಲ್ಲಿ ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ. ಪ್ರಯೋಜನಕ್ಕೆ ಬಂದವು ಬೇರೆ ರೋಗಗಳಿಗೆಂದು ಹುಟ್ಟಿದ ಮದ್ದುಗಳೆಂಬುದು ವೈದ್ಯಕೀಯ ಇತಿಹಾಸದ ಒಂದು ವಿಚಿತ್ರ. 1961ರಲ್ಲಿ ಬಳಕೆಗೆ ಬಂದ ಅಮಿಟ್ರಿಪ್ಟಿಲಿನ್ ಮನಸ್ಸಿನ ಖಿನ್ನತೆಯ ಔಷಧಿ. 1993ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಗಾಬಾಪೆಂಟಿನ್ ಮೂರ್ಛೆರೋಗದ್ದು. ಮಿದುಳಿನಲ್ಲಿ ಉದ್ರೇಕವನ್ನು ತಣಿಸುವ ಗಾಬಾ ಎಂಬ ದ್ರವ್ಯವನ್ನು ಹೋಲುವಂತೆ ಇದನ್ನು ರೂಪಿಸಿದ್ದರು. ಅದು ಆ ಹಾದಿಯಲ್ಲಿ ನಡೆಯದೆ, ನರಕೋಶಕ್ಕೆ ಕ್ಯಾಲ್ಸಿಯಂ ಪ್ರವೇಶಿಸುವ ದ್ವಾರದ ಒಂದು ಭಾಗವನ್ನು ಹಿಡಿದು ಉದ್ರೇಕವನ್ನು ತಗ್ಗಿಸುತ್ತದೆಂದು ಆಮೇಲೆ ತಿಳಿದುಬಂತು. ಅದರ ಬಂಧುವಾದ ಪ್ರಿಗಾಬಲಿನ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ಬೆನ್ನುಹುರಿಯ ಪೆಟ್ಟಿನಿಂದಾದ ನರನೋವಿಗೆಂದೇ ಸಮ್ಮತಿಯಿತ್ತಿತು.

ಆದರೆ ಸಮ್ಮತಿ ಬೇರೆ, ಗುಣ ಬೇರೆ. ಒಬ್ಬನಿಗೆ ಒಗ್ಗಿದ್ದು ಇನ್ನೊಬ್ಬನಿಗೆ ಒಗ್ಗದು; ಮೊದಲೇ ಹೇಳಬಲ್ಲ ವೈದ್ಯನಿಲ್ಲ. ಆದುದರಿಂದ ಚಿಕಿತ್ಸೆಯೆಂಬುದು ಇಲ್ಲಿ ನಿಜವಾದ ಅರ್ಥದಲ್ಲಿ ಪ್ರಯೋಗ. ಅಲ್ಪ ಪ್ರಮಾಣದಿಂದ ಆರಂಭಿಸಿ, ದಿನಗಳನ್ನೂ ವಾರಗಳನ್ನೂ ಎಣಿಸುತ್ತ, ಮೆಲ್ಲಮೆಲ್ಲನೆ ಏರಿಸಬೇಕು. ತೂಕಡಿಕೆ, ತಲೆತಿರುಗು, ಕಾಲುಬಾವು, ಮೈತೂಕದ ಹೆಚ್ಚಳ, ಬಾಯಿ ಒಣಗುವುದು, ಮಲಬದ್ಧತೆ, ಹೀಗೆ ಒಂದೊಂದು ಮದ್ದಿಗೆ ಒಂದೊಂದು ಉಪದ್ರವ. ಗಾಲಿಕುರ್ಚಿಯಿಂದ ಮಂಚಕ್ಕೆ ತೋಳಿನ ಬಲದಿಂದಲೇ ದಾಟಬೇಕಾದವನಿಗೆ ತಲೆತಿರುಗು ಸಣ್ಣ ಮಾತಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಬೇಸತ್ತು ಗುಳಿಗೆಯನ್ನು ಒಮ್ಮೆಲೇ ಬಿಡುವುದೂ ಅಪಾಯಕರ. ಏರಿಸುವಂತೆ ಇಳಿಸುವುದೂ ವೈದ್ಯರ ಮಾತಿನಂತೆ ಕ್ರಮವಾಗಿಯೇ ಆಗಬೇಕು.

ಪ್ರಯೋಗವೆಂದ ಮೇಲೆ ಅಳತೆ ಬೇಕು. ಜ್ವರಕ್ಕೆ ಉಷ್ಣಮಾಪಕವಿದೆ, ನೋವಿಗಿಲ್ಲ. ಸೊನ್ನೆಯಿಂದ 10ರವರೆಗೆ ಎಷ್ಟೆಂದು ಹೇಳಿ ಎಂದು ವೈದ್ಯರು ರೋಗಿಯನ್ನೇ ಕೇಳುತ್ತಾರೆ. ನೋವು ನೂರಕ್ಕೆ 30ರಷ್ಟು ತಗ್ಗಿದರೆ ಅದನ್ನು ಗಣನೀಯ ಉಪಶಮನವೆಂದು ತಜ್ಞರು ಎಣಿಸುತ್ತಾರೆ. ಹೊರಗಿನವರಿಗೆ ಇದು ಅಲ್ಪವೆನಿಸೀತು. ಆದರೆ ಎಂಟು ಐದಾದಾಗ ಒಂದು ರಾತ್ರಿಯ ನಿದ್ರೆ ಕೈಗೂಡಬಹುದು, ಒಂದು ಪುಸ್ತಕವನ್ನು ಓದಿ ಮುಗಿಸಬಹುದು, ಮಗುವಿನ ಮೇಲೆ ಸಿಡುಕದೆ ಇರಬಹುದು. ಅಂಕಿಯೊಡನೆ ಮಾತೂ ಬೇಕು. ಉರಿ, ಇರಿತ, ಸೆಳೆತ, ಸಿಡಿತ, ಜೋಮು ಎಂದು ನಮ್ಮ ಭಾಷೆ ನೋವಿಗೆ ಹಲವು ಹೆಸರುಗಳನ್ನು ಕಾದಿರಿಸಿದೆ. ‘ನೋವು’ ಎಂದಷ್ಟೇ ಹೇಳುವ ಬದಲು ‘ರಾತ್ರಿ ಉರಿ, ಬೆಳಗ್ಗೆ ಜೋಮು’ ಎಂದರೆ ವೈದ್ಯರಿಗೆ ದಾರಿ ತೋರಿದಂತಾಗುತ್ತದೆ. ನರದ ನೋವನ್ನು ಸ್ನಾಯುವಿನ ನೋವಿನಿಂದ ಬೇರ್ಪಡಿಸಲು ಇಂತಹ ಮಾತುಗಳೇ ಆಧಾರ.

ಹೀಗೆ ನೋಡಿದರೆ ಈ ಚಿಕಿತ್ಸೆಯ ಮುಖ್ಯ ಸಾಕ್ಷ್ಯ ರೋಗಿಯ ನುಡಿ. ನೋವಿನ ಅಧ್ಯಯನಕ್ಕೆಂದು ಇರುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ, ನೋವಿದೆಯೆಂದು ಹೇಳುವವನ ಮಾತನ್ನು ಗೌರವಿಸಬೇಕೆಂದು ಸ್ಪಷ್ಟವಾಗಿ ಸೇರಿಸಿತು. ಮನೆಯವರು ನಂಬದಿದ್ದರೆ ರೋಗಿ ಹೇಳುವುದನ್ನೇ ನಿಲ್ಲಿಸುತ್ತಾನೆ; ಹೇಳುವುದು ನಿಂತರೆ ಅಳತೆ ನಿಲ್ಲುತ್ತದೆ; ಅಳತೆ ನಿಂತರೆ ಗುಳಿಗೆ ಫಲಿಸಿತೋ ಇಲ್ಲವೋ ಎಂಬುದು ಯಾರಿಗೂ ತಿಳಿಯದು. ಮಂಚದ ಬಳಿ ಕುಳಿತು ‘ಇವತ್ತು ಉರಿ ಹೇಗಿದೆ?’ ಎಂದು ದಿನವೂ ವಿಚಾರಿಸಿ, ಬಂದ ಉತ್ತರವನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಕೆಲಸಕ್ಕೆ ವೈದ್ಯಶಾಸ್ತ್ರದ ಜ್ಞಾನ ಬೇಕಿಲ್ಲ. ಅದನ್ನು ಮನೆಯ ಯಾರು ಬೇಕಾದರೂ ಮಾಡಬಹುದು.