ಭಯಾನಕ ಚಲನಚಿತ್ರಗಳ ವಯೋವರ್ಗ: ಚಿತ್ರಮಂದಿರದಲ್ಲಿ ಒಂದು, ಮನೆಯಲ್ಲಿ ಮತ್ತೊಂದು ಏಕೆ?

ಚಿತ್ರಮಂದಿರದಲ್ಲಿ ‘ಎ’ ಪ್ರಮಾಣಪತ್ರದೊಂದಿಗೆ ತೆರೆಕಂಡ ಭಯಾನಕ ಚಲನಚಿತ್ರವು ಅನಂತರ ಟಿ.ವಿ. ವಾಹಿನಿಯಲ್ಲಿ ‘ಯುಎ’ ಚಿಹ್ನೆಯೊಂದಿಗೆ ಪ್ರಸಾರವಾಗುವುದುಂಟು. ಚಿತ್ರಮಂದಿರದಲ್ಲಿ ‘ಯುಎ’ ಆಗಿದ್ದ ಚಿತ್ರಕ್ಕೆ ಅಂತರಜಾಲ ವೇದಿಕೆಯಲ್ಲಿ ಹೆಚ್ಚಿನ ವಯೋಮಿತಿ ಇರುವುದೂ ಉಂಟು. ವಯೋವರ್ಗವನ್ನು ಚಿತ್ರದ ಹೆಸರಿಗೆ ನೀಡಲಾಗುವುದಿಲ್ಲ; ನಿರ್ದಿಷ್ಟ ಆವೃತ್ತಿಗೆ ಹಾಗೂ ಅದನ್ನು ತೋರಿಸುವ ಮಾಧ್ಯಮಕ್ಕೆ ಅನುಗುಣವಾಗಿ ನೀಡಲಾಗುತ್ತದೆ. ಈ ಕುರಿತು ಸಾರ್ವಜನಿಕರ ತಿಳಿವಳಿಕೆಗಾಗಿ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

1. ಚಿತ್ರಮಂದಿರ
1952ರ ಸಿನಿಮಾಟೋಗ್ರಾಫ್ ಕಾಯ್ದೆಯನ್ವಯ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಯು ಪ್ರಮಾಣಪತ್ರ ನೀಡುತ್ತದೆ. ಮಂಡಳಿಯ ಪ್ರಾದೇಶಿಕ ಕಚೇರಿಗಳಲ್ಲಿ ಒಂದು ಬೆಂಗಳೂರಿನಲ್ಲಿದೆ. 2023ರ ತಿದ್ದುಪಡಿಯಿಂದ ‘ಯುಎ’ ವರ್ಗವನ್ನು 7+, 13+ ಮತ್ತು 16+ ಎಂದು ವಿಂಗಡಿಸಲಾಗಿದೆ. ಈ ವಯೋಸೂಚನೆಯು ಪೋಷಕರ ಪರಿಶೀಲನೆಗಾಗಿ ಮಾತ್ರ. ಆದರೆ ‘ಎ’ ಚಿತ್ರಕ್ಕೆ 18 ವರ್ಷ ತುಂಬದವರನ್ನು ಪ್ರವೇಶಗೊಳಿಸುವುದು ಶಿಕ್ಷಾರ್ಹವಾಗಿದೆ.

2. ಟಿ.ವಿ. ವಾಹಿನಿ
ಕೇಬಲ್ ಟೆಲಿವಿಷನ್ ನಿಯಮಗಳ ಪ್ರಕಾರ ಅನಿರ್ಬಂಧಿತ ಸಾರ್ವಜನಿಕ ಪ್ರದರ್ಶನಕ್ಕೆ ಯೋಗ್ಯವಾದ ಚಿತ್ರಗಳನ್ನಷ್ಟೇ ಪ್ರಸಾರ ಮಾಡಬಹುದು. ಆದುದರಿಂದ ‘ಎ’ ಚಿತ್ರದಿಂದ ತೀವ್ರ ಹಿಂಸೆ, ರಕ್ತಪಾತ ಮುಂತಾದ ದೃಶ್ಯಗಳನ್ನು ತೆಗೆದು, ಹೊಸದಾಗಿ ‘ಯುಎ’ ಪ್ರಮಾಣಪತ್ರ ಪಡೆಯಬೇಕಾಗುತ್ತದೆ. ಅಂದರೆ ಟಿ.ವಿ.ಯಲ್ಲಿ ಬರುವುದು ಅದೇ ಹೆಸರಿನ, ಆದರೆ ಕತ್ತರಿಸಲಾದ ಚಿತ್ರ. ಟಿ.ವಿ. ಮುಂತಾದ ಮಾಧ್ಯಮಗಳಿಗೆ ಪ್ರತ್ಯೇಕ ಪ್ರಮಾಣಪತ್ರ ನೀಡಲು 2023ರ ತಿದ್ದುಪಡಿಯಲ್ಲಿ ಅವಕಾಶ ಕಲ್ಪಿಸಲಾಗಿದೆ.

3. ಅಂತರಜಾಲ ವೇದಿಕೆಗಳು (ಓಟಿಟಿ)
2021ರ ಮಾಹಿತಿ ತಂತ್ರಜ್ಞಾನ ನಿಯಮಗಳನ್ವಯ ಇಲ್ಲಿ ವರ್ಗೀಕರಣವನ್ನು ಪ್ರಕಾಶಕರೇ ಮಾಡಬೇಕು. ಪರಿಗಣಿಸಬೇಕಾದ ಅಂಶಗಳಲ್ಲಿ ಹಿಂಸೆಯೊಂದಿಗೆ ಭಯ, ಬೆದರಿಕೆ ಮತ್ತು ಭಯಾನಕತೆಯೂ ಸೇರಿವೆ. ನಿರ್ಣಯಿಸುವವರು ಬೇರೆಯಾದಾಗ ನಿರ್ಣಯವೂ ಬೇರೆಯಾಗಬಹುದು. ಇದಲ್ಲದೆ, ಕುಟುಂಬ ಪ್ರೇಕ್ಷಕರನ್ನು ಸೆಳೆಯಲು ಚಿತ್ರಮಂದಿರದ ಆವೃತ್ತಿಯಿಂದ ಕೈಬಿಟ್ಟ ದೃಶ್ಯಗಳನ್ನು ಮನೆ ವೀಕ್ಷಣೆಯ ಆವೃತ್ತಿಯಲ್ಲಿ ಮರಳಿ ಸೇರಿಸಿದಲ್ಲಿ ವಯೋಮಿತಿ ಏರುವುದು ಸಹಜ.

4. ಮನೆ ವೀಕ್ಷಣೆಗೆ ಪ್ರತ್ಯೇಕ ಗಮನ ಏಕೆ?
ಚಿತ್ರಮಂದಿರದ ಬಾಗಿಲಲ್ಲಿ ತಡೆಯುವವರಿರುತ್ತಾರೆ, ಮನೆಯಲ್ಲಿ ಇರುವುದಿಲ್ಲ. ಮಗುವು ಒಂಟಿಯಾಗಿ, ಭಯಗೊಳಿಸುವ ದೃಶ್ಯವನ್ನೇ ನಿಲ್ಲಿಸಿ ಮತ್ತೆ ಮತ್ತೆ ನೋಡಬಹುದು. ಬ್ರಿಟನ್ನಿನ 1984ರ ವಿಡಿಯೋ ರೆಕಾರ್ಡಿಂಗ್ಸ್ ಕಾಯ್ದೆಯು ಮನೆಯಲ್ಲಿ ನೋಡುವ ಸಂಭವವನ್ನು ವಿಶೇಷವಾಗಿ ಪರಿಗಣಿಸಬೇಕೆಂದು ವಿಧಿಸಿತು. 1973ರ ‘ದಿ ಎಕ್ಸಾರ್ಸಿಸ್ಟ್’ ಚಿತ್ರವನ್ನು ಅಲ್ಲಿನ ಚಿತ್ರಮಂದಿರಗಳಲ್ಲಿ ವಯಸ್ಕರಿಗೆ ತೋರಿಸಲಾಗಿತ್ತು. ಆದರೆ ಆ ಕಾಯ್ದೆಯ ಅಡಿಯಲ್ಲಿ ಅದರ ವಿಡಿಯೋ ಆವೃತ್ತಿಗೆ ‘18’ ವರ್ಗದ ಪ್ರಮಾಣಪತ್ರ ದೊರೆತದ್ದು 1999ರಲ್ಲಿ.

5. ಪೋಷಕರ ಗಮನಕ್ಕೆ
ಅ) ಚಿತ್ರಮಂದಿರದಲ್ಲಿ ಅಥವಾ ಟಿ.ವಿ.ಯಲ್ಲಿ ಕಂಡ ಚಿಹ್ನೆಯನ್ನು ನೆಚ್ಚಿಕೊಳ್ಳದೆ, ಮನೆಯಲ್ಲಿ ನೋಡಲಿರುವ ಆವೃತ್ತಿಯ ಆರಂಭದ ಚಿಹ್ನೆ ಮತ್ತು ವಿಷಯ ಸೂಚನೆಯನ್ನು ಓದಿರಿ. ಟಿ.ವಿ.ಯಲ್ಲಿ ‘ಯುಎ’ ಆಗಿ ಬಂದ ಚಿತ್ರದ ಪೂರ್ಣ ಆವೃತ್ತಿ ಓಟಿಟಿಯಲ್ಲಿ ‘ಎ’ ಆಗಿರಬಹುದು.
ಆ) ‘ಯುಎ 13+’ ಮತ್ತು ಮೇಲ್ಪಟ್ಟ ವರ್ಗಗಳಿಗೆ ವೇದಿಕೆಗಳು ಪೋಷಕರ ಬೀಗದ ಸೌಲಭ್ಯ ಒದಗಿಸತಕ್ಕದ್ದು. ‘ಎ’ ವರ್ಗಕ್ಕೆ ವಯಸ್ಸು ದೃಢೀಕರಿಸುವ ವ್ಯವಸ್ಥೆಯೂ ಇರಬೇಕು. ಬೀಗವನ್ನು ಅಳವಡಿಸಿ, ಗುಪ್ತಸಂಖ್ಯೆಯನ್ನು ಮಕ್ಕಳಿಗೆ ತಿಳಿಯದಂತೆ ಇರಿಸಿಕೊಳ್ಳಿರಿ.
ಇ) ವರ್ಗೀಕರಣದ ಬಗ್ಗೆ ಆಕ್ಷೇಪಣೆ ಇದ್ದಲ್ಲಿ ವೇದಿಕೆಯ ಕುಂದುಕೊರತೆ ಅಧಿಕಾರಿಗೆ ದೂರು ಸಲ್ಲಿಸಬಹುದು. 15 ದಿನಗಳೊಳಗೆ ತೀರ್ಮಾನ ತಿಳಿಸಬೇಕು. ಅದು ಸಮಾಧಾನಕರವಾಗಿರದಿದ್ದಲ್ಲಿ ಪ್ರಕಾಶಕರ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ಚಿತ್ರಮಂದಿರದಲ್ಲಿ ಬಾಗಿಲು ಕಾಯುವ ಹೊಣೆ ಪ್ರದರ್ಶಕರದು. ಮನೆಯಲ್ಲಿ ಆ ಹೊಣೆ ಪೋಷಕರದೇ ಆಗಿರುತ್ತದೆ. ಇದನ್ನು ಅರಿತು ಸಹಕರಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.