ಫೋರ್ಕ್‌ಲಿಫ್ಟ್ ವಾಲಿದಾಗ ಜಿಗಿಯುವುದೇ ಅಪಾಯ

ಪೀಣ್ಯದ ಕಾರ್ಖಾನೆಗಳಿಂದ ಹಿಡಿದು ನೆಲಮಂಗಲ, ಹೊಸಕೋಟೆ ಸುತ್ತಲಿನ ಗೋದಾಮುಗಳವರೆಗೆ ಸರಕು ಎತ್ತಿಳಿಸಲು ಫೋರ್ಕ್‌ಲಿಫ್ಟ್ ಬೇಕೇ ಬೇಕು. ಕಾರು ಬಲ್ಲವರಿಗೆಲ್ಲ ಇದೂ ಬರುತ್ತದೆ ಎಂಬ ಭಾವನೆಯೊಂದು ಬೇರೂರಿದೆ. ಚಾಲಕ ಊಟಕ್ಕೆ ಹೋದರೆ ಕೀಲಿಕೈ ಯಾರದೋ ಕೈ ಸೇರುವುದೂ ಉಂಟು.

ವಾಸ್ತವದಲ್ಲಿ ಇದು ಕಾರಿನ ಸೋದರನಲ್ಲ, ಹೊಲದ ಏತದ ಬಂಧು. 3 ಟನ್ ಎತ್ತುವ ಯಂತ್ರದ ಸ್ವಂತ ತೂಕವೇ ಸಾಮಾನ್ಯವಾಗಿ 4 ಟನ್ ಮೀರುತ್ತದೆ. ಮುಂದೆ ಹೊರೆ, ಹಿಂದೆ ಅದನ್ನು ಸರಿದೂಗಿಸುವ ಎರಕದ ದಿಮ್ಮಿ, ನಡುವೆ ಆಧಾರವಾಗಿ ಮುಂಚಕ್ರಗಳ ಅಚ್ಚು. ಆದ್ದರಿಂದ ಹೊರೆಯ ತೂಕದಷ್ಟೇ ಅದರ ಉದ್ದವೂ ಮುಖ್ಯ. ಯಂತ್ರದ ಫಲಕದಲ್ಲಿ '2000 ಕೆಜಿ, 500 ಮಿ.ಮೀ.' ಎಂದಿದ್ದರೆ, ಹೊರೆಯ ಗುರುತ್ವಕೇಂದ್ರ ಫೋರ್ಕಿನ ಬುಡದಿಂದ ಅರ್ಧ ಮೀಟರಿನೊಳಗೆ ಇದ್ದಾಗ ಮಾತ್ರ ಆ ಸಾಮರ್ಥ್ಯ ಎಂದರ್ಥ. ಒಂದೂವರೆ ಮೀಟರ್ ಉದ್ದದ ಪೆಟ್ಟಿಗೆಯ ಕೇಂದ್ರ 750 ಮಿ.ಮೀ.ಗೆ ಸರಿಯುತ್ತದೆ, ಅದೇ ಯಂತ್ರ ಅಷ್ಟು ತೂಕವನ್ನು ಆಗ ತಾಳಲಾರದು.

ಪಕ್ಕಕ್ಕೆ ಉರುಳುವ ಕಾರಣ ಇನ್ನೂ ಸೂಕ್ಷ್ಮ. ಚಕ್ರ ನಾಲ್ಕಿದ್ದರೂ ಹಿಂದಿನ ಅಚ್ಚು ನಡುವಿನ ಒಂದೇ ತಿರುಗಣೆಯ ಮೇಲೆ ಓಲಾಡುತ್ತದೆ. ಹೀಗಾಗಿ ಯಂತ್ರ ನಿಂತಿರುವುದು ಚೌಕದ ಮೇಲಲ್ಲ, ಎರಡು ಮುಂಚಕ್ರ ಹಾಗೂ ಆ ತಿರುಗಣೆ ಸೇರಿದ ತ್ರಿಕೋನದ ಮೇಲೆ. ಫೋರ್ಕು ಎತ್ತಿಕೊಂಡೇ ವೇಗವಾಗಿ ತಿರುಗಿಸಿದರೆ ಭಾರ ಈ ತ್ರಿಕೋನದಿಂದ ಹೊರಬೀಳುತ್ತದೆ. ಖಾಲಿ ಯಂತ್ರವೂ ಹೀಗೆಯೇ ಉರುಳಬಲ್ಲದು. ಚಲಿಸುವಾಗ ಫೋರ್ಕು ನೆಲದಿಂದ 15 ಸೆಂ.ಮೀ. ಆಸುಪಾಸಿನಲ್ಲೇ ಇರಬೇಕು. ಇಳಿಜಾರಿನಲ್ಲಿ ಹತ್ತುವಾಗಲೂ ಇಳಿಯುವಾಗಲೂ ಹೊರೆ ಏರಿನ ಕಡೆಗಿರಬೇಕು, ಅಂದರೆ ಇಳಿಯುವುದು ಹಿಮ್ಮುಖವಾಗಿ. ಇಳಿಜಾರಿನ ಮೇಲೆ ತಿರುಗಿಸಲೇಬಾರದು.

ಇಷ್ಟಾದರೂ ವಾಲಿತೆನ್ನಿ. ಜಿಗಿದು ಪಾರಾಗಬೇಕೆಂಬುದು ಸಹಜ ಪ್ರವೃತ್ತಿ, ಪ್ರಾಣ ಹೋಗುವುದೂ ಅದರಿಂದಲೇ. ಯಂತ್ರ ವಾಲುವ ಕಡೆಗೇ ಹಾರಿದವನ ಮೇಲೆ ತಲೆ ಕಾಯಬೇಕಾದ ಉಕ್ಕಿನ ಚಾವಣಿಯೇ ಬಂದು ಬೀಳುತ್ತದೆ. ಕುಳಿತು ಓಡಿಸುವ ಯಂತ್ರದಲ್ಲಿ ಬೆಲ್ಟ್ ಬಿಗಿದು, ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದು, ಪಾದಗಳನ್ನು ಒತ್ತಿ, ಬೀಳುವ ದಿಕ್ಕಿಗೆ ವಿರುದ್ಧವಾಗಿ ಬಾಗಿ ಕುಳಿತಲ್ಲೇ ಇರಬೇಕು. ಹಿಂಬದಿಯಿಂದ ಹತ್ತಿ ನಿಂತು ಓಡಿಸುವ ಮಾದರಿಯಲ್ಲಿ ಮಾತ್ರ ಹಿಂದಕ್ಕೆ ಹೆಜ್ಜೆಯಿಟ್ಟು ಇಳಿಯಬಹುದು. ತೊಡಕೆಂದು ಬೆಲ್ಟನ್ನು ಸೀಟಿನ ಹಿಂದೆ ಸಿಕ್ಕಿಸಿಡುವ ಚಾಲಕನಿಗೆ ಆ ಕ್ಷಣದಲ್ಲಿ ಆಯ್ಕೆಯೇ ಉಳಿದಿರುವುದಿಲ್ಲ.

ಪಕ್ಕದಲ್ಲಿ ನಡೆದಾಡುವವರ ಅಪಾಯ ಬೇರೆ ಬಗೆಯದು. ಫೋರ್ಕ್‌ಲಿಫ್ಟ್ ತಿರುಗುವುದು ಹಿಂದಿನ ಚಕ್ರಗಳಿಂದ. ಮೂತಿ ಎಡಕ್ಕೆ ಹೊರಳಿದರೆ ಹಿಂಭಾಗ ಬಲಕ್ಕೆ ಬೀಸುತ್ತದೆ. ಗೋಡೆಗೂ ಯಂತ್ರಕ್ಕೂ ನಡುವೆ ನಿಂತವನಿಗೆ ಸರಿಯಲು ಜಾಗವಿರದು. ಪಾದಚಾರಿಗಳಿಗೆಂದು ನೆಲದ ಮೇಲೆ ಹಳದಿ ಗೆರೆ ಎಳೆದರೂ, ಸರಕು ಹೆಚ್ಚಿದ ದಿನ ಆ ಗೆರೆಯ ಮೇಲೆಯೇ ಪೆಟ್ಟಿಗೆ ಪೇರಿಸಿದರೆ ಕಾರ್ಮಿಕರು ಯಂತ್ರದ ಹಾದಿಯಲ್ಲೇ ನಡೆಯಬೇಕಾಗುತ್ತದೆ. ಅದನ್ನು ತಡೆಯಬೇಕಾದವರು ಚಾಲಕರಲ್ಲ, ಗೋದಾಮಿನ ವ್ಯವಸ್ಥಾಪಕರು.