ಹೃತ್ಕರ್ಣ ಕಂಪನ: ಶಾಖರಹಿತ ಚಿಕಿತ್ಸೆ ಮತ್ತು ಶುಶ್ರೂಷೆ

ಹೃದಯದ ಮೇಲ್ಕೋಣೆಗಳು ಲಯ ತಪ್ಪಿ ಕಂಪಿಸುವುದೇ ಹೃತ್ಕರ್ಣ ಕಂಪನ. ಅಲ್ಲಿ ಹೆಪ್ಪುಗಟ್ಟಿದ ರಕ್ತವು ಮಿದುಳನ್ನು ಸೇರಿದಲ್ಲಿ ಪಾರ್ಶ್ವವಾಯು ಉಂಟಾಗುತ್ತದೆ. 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಅನುಮೋದನೆ ಪಡೆದ ಪಲ್ಸ್ಡ್ ಫೀಲ್ಡ್ ಅಬ್ಲೇಷನ್ ವಿಧಾನದಲ್ಲಿ, ತೊಡೆಸಂದಿನ ರಕ್ತನಾಳದ ಮೂಲಕ ಕ್ಯಾತಿಟರ್ ಸೇರಿಸಿ, ಕ್ಷಣಿಕ ವಿದ್ಯುತ್ ಸ್ಪಂದನಗಳಿಂದ ತಪ್ಪು ಸಂಕೇತಗಳ ಹಾದಿಯನ್ನು ತಡೆಯಲಾಗುತ್ತದೆ. ಶಾಖ ಅಥವಾ ಶೀತವನ್ನು ಅವಲಂಬಿಸದ ಕಾರಣ ಹಿಂಬದಿಯ ಅನ್ನನಾಳಕ್ಕೆ ಅಪಾಯ ಕಡಿಮೆ.

ಚಿಕಿತ್ಸೆಯ ನಂತರ ರೋಗಿಯು ಕೆಲವು ಗಂಟೆ ಕಾಲು ಮಡಚದೆ ಮಲಗಿರಬೇಕು. ಶುಶ್ರೂಷಕರು ನಾಡಿ, ರಕ್ತದೊತ್ತಡ, ರಕ್ತಸ್ರಾವ ಹಾಗೂ ಮಾತಿನ ಸ್ಪಷ್ಟತೆಯನ್ನು ಪದೇಪದೇ ಪರಿಶೀಲಿಸುತ್ತಾರೆ.

ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದು ಹಾರೋಹಳ್ಳಿ ತಾಲ್ಲೂಕಿಗೆ ಮರಳಿದವರು, ಲಯ ಸರಿಯಾಯಿತೆಂದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಕನಿಷ್ಠ 2 ತಿಂಗಳು ಅದು ಅಗತ್ಯ. ಗಾಯದಿಂದ ರಕ್ತ ಒಸರಿದರೆ ಬಲವಾಗಿ ಒತ್ತಿ ಹಿಡಿಯಬೇಕು. ಅದು ನಿಲ್ಲದಿದ್ದಲ್ಲಿ, ಅಥವಾ ಬಾಯಿ ಸೊಟ್ಟಗಾಗಿ ಮಾತು ತೊದಲಿದಲ್ಲಿ, ತಡಮಾಡದೆ 108ಕ್ಕೆ ಕರೆ ಮಾಡತಕ್ಕದ್ದು.